ಥಿಯರಿ ನೋಟ್ಸ್‌ನಲ್ಲಿ, ಉಣುಗು ಕಾಡಿನಲ್ಲಿ: ಊರಿನಲ್ಲಿ ಆರೋಗ್ಯ ಪಾಠ ಮಾಡುವವರಿಗೊಂದು ಕೈಪಿಡಿ

ಕೆಲವು ವರ್ಷಗಳ ಹಿಂದೆ ಸಾಗರದ ಕಡೆಯ ಒಂದು ಹಳ್ಳಿಗೆ ಮಂಗನ ಕಾಯಿಲೆ ಬಗ್ಗೆ ಪಾಠ ಮಾಡಲು ಹೋಗಿದ್ದೆ. ಚಾರ್ಟು ತಗುಲಿಸಿ ವೈರಸ್ಸು, ಉಣುಗಿನ (ಉಣ್ಣೆಯ) ಜೀವನಚಕ್ರ, ಲಕ್ಷಣ ಎಲ್ಲ ಮುಕ್ಕಾಲು ಗಂಟೆ ಹೇಳಿದೆ. ಕೊನೆಗೆ, "ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗಬೇಡಿ" ಅಂದೆ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು ಕೇಳಿದರು: "ಅಲ್ದಾ ತಮ್ಮಾ, ದರಗು ತರದೇ ಇದ್ರೆ ಕೊಟ್ಟಿಗೆಗೆ ಏನ್ ಹಾಸದು? ನಿನ್ ಚಾರ್ಟಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಇರಲಿಲ್ಲ.

ದರಗು ಅಂದರೆ ಕಾಡಿನ ಒಣ ತರಗೆಲೆ. ಅದನ್ನು ಗುಡಿಸಿ ತಂದು ದನದ ಕೆಳಗೆ ಹಾಸುತ್ತಾರೆ, ಅದೇ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ಉಣುಗು ಇರುವುದೂ ಅದೇ ದರಗಿನಲ್ಲಿ. ಇದು ಆ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಂದರೆ ನಾನು ಮುಕ್ಕಾಲು ಗಂಟೆ ಅವರಿಗೆ ಗೊತ್ತಿದ್ದದ್ದನ್ನೇ ಹೇಳಿ, ಗೊತ್ತಿಲ್ಲದೆ ಒದ್ದಾಡುತ್ತಿದ್ದ ಒಂದೇ ಒಂದು ವಿಷಯವನ್ನು ಬಿಟ್ಟುಬಿಟ್ಟಿದ್ದೆ. ತಮಾಷೆ ಏನೆಂದರೆ, ನನ್ನ ನೋಟ್ಸ್‌ನಲ್ಲಿ "ಅಡ್ಡಿಗಳು" ಅಂತ ಒಂದು ತಲೆಬರಹವೇ ಇತ್ತು. ಪರೀಕ್ಷೆಗೆ ಅದನ್ನು ಓದಿದ್ದೆ, ಹಳ್ಳಿಗೆ ಹೊರಡುವಾಗ ಮನೆಯಲ್ಲೇ ಬಿಟ್ಟು ಹೋಗಿದ್ದೆ.

ನರ್ಸಿಂಗ್, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು, ಹೊಸದಾಗಿ ಸೇರಿದ ಆಶಾ ಕಾರ್ಯಕರ್ತೆಯರು ಮತ್ತು ಎನ್‌ಎಸ್‌ಎಸ್ ಶಿಬಿರ ನಡೆಸುವ ಮೇಷ್ಟ್ರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆ ಪೂರ್ತಿ ಮಂಗನ ಕಾಯಿಲೆಯದ್ದೇ. ಡೆಂಗಿಗೋ ರಕ್ತಹೀನತೆಗೋ ನೀವೇ ಹೊಂದಿಸಿಕೊಳ್ಳಿ, ದಾರಿ ಅದೇ.

ಹಂತ 1: ರೋಗವನ್ನು ಊರಿನ ಕ್ಯಾಲೆಂಡರಿನ ಮೇಲೆ ಬರೆಯಿರಿ

ಮೊದಲು ವಿಷಯ ಸರಿಯಾಗಿ ತಿಳಿದಿರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೆ ಜನರಿಗೂ ಜ್ವರ ಬಂದಾಗ ಈ ವೈರಸ್ ಪತ್ತೆಯಾಯಿತು. ಇಡೀ ಜಗತ್ತು ಈ ರೋಗವನ್ನು ಗುರುತಿಸುವುದು ನಮ್ಮ ಆ ಕಾಡಿನ ಹೆಸರಿನಿಂದಲೇ. ಹರಡುವುದು ಉಣುಗು, ಮಂಗ ಅಲ್ಲ. ಮಂಗನಿಗೂ ನಮ್ಮ ಹಾಗೆಯೇ ಉಣುಗು ಕಚ್ಚಿ ರೋಗ ಬರುತ್ತದೆ. ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ಇಳಿದು ಆ ಜಾಗದಲ್ಲೇ ಹರಡಿಕೊಳ್ಳುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕೆಲವರಿಗೆ ವಾಂತಿ ಭೇದಿ, ಕೆಲವರಿಗೆ ಮೂಗು ವಸಡಿನಿಂದ ರಕ್ತ. 100ರಲ್ಲಿ 10ರಿಂದ 20 ಜನಕ್ಕೆ ಜ್ವರ ಬಿಟ್ಟು ಮೂರನೇ ವಾರದಲ್ಲಿ ಮತ್ತೆ ಬರುತ್ತದೆ. ಸಾವಿನ ಪ್ರಮಾಣ ಶೇ 3ರಿಂದ 5. ಇದಕ್ಕೆಂದೇ ಔಷಧ ಇಲ್ಲ, ಆದರೆ ಬೇಗ ಆಸ್ಪತ್ರೆಗೆ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ.

ಈಗ ಒಂದು ದೊಡ್ಡ ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳು ಬರೆಯಿರಿ. ಮೇಲಿನ ಸಾಲಿನಲ್ಲಿ ಉಣುಗು: ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೈಮೇಲೆ, ಮಳೆ ಮುಗಿದ ಮೇಲೆ ಸಣ್ಣ ಮರಿಗಳು, ಡಿಸೆಂಬರ್‌ನಿಂದ ಮೇ ತನಕ ಜನರಿಗೆ ಕಚ್ಚುವ, ಸ್ವಲ್ಪ ಬೆಳೆದ ಮರಿ ಉಣುಗು. ಕೆಳಗಿನ ಸಾಲಿನಲ್ಲಿ ಊರಿನ ಕೆಲಸ: ಅಡಿಕೆ ಕೊಯ್ಲು, ಸುಲಿತ, ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಕಟ್ಟಿಗೆ ತರುವುದು. ಈ ಕೆಳಗಿನ ಸಾಲನ್ನು ನೀವು ಬರೆಯಬೇಡಿ, ಊರಿನವರಿಂದ ಬರೆಸಿ. ಎರಡು ಸಾಲು ಎಲ್ಲಿ ಒಂದರ ಮೇಲೊಂದು ಕೂರುತ್ತವೆ ನೋಡಿ. ದರಗು ಒಣಗಿ ಗರಿಗರಿ ಇರುವ ಕಾಲಕ್ಕೇ ಮರಿ ಉಣುಗು ಕಾದು ಕೂತಿರುತ್ತದೆ. ಅಲ್ಲಿಗೆ ಪಾಠ ಯಾವಾಗ ಮಾಡಬೇಕೆಂದೂ ಗೊತ್ತಾಯಿತು: ಅಕ್ಟೋಬರ್, ನವೆಂಬರ್. ಮಂಗ ಸತ್ತ ಸುದ್ದಿ ಬಂದ ಮೇಲೆ ಜೀಪು ಹತ್ತಿದರೆ ತಡವಾದಂತೆ.

ಇದನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾದ್ದೇ ಇಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯುತ್ತೀರಿ ಅಂತ ಕೇಳಿ. ಮಳೆ ಹಿಡಿಯುವ ಮೊದಲೇ ಅನ್ನುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಲೆಕ್ಕವನ್ನೂ ಒಪ್ಪಿಸುತ್ತಾರೆ. ಕೊಳೆ ಬಂದ ಮೇಲೆ ಹೊಡೆದರೆ? "ಬಂದ್ಮೇಲೆ ಎಂತಕ್ಕೆ ಮಾರಾಯ್ರೆ" ಅನ್ನುತ್ತಾರೆ. ಹಾಗಾದರೆ ಕಾಡಿಗೆ ಹೋಗುವ ಮೊದಲು, ಉಣುಗು ಕಚ್ಚದಂತೆ ಮೈಗೆ ಡೆಪಾ ತೈಲ ಹಚ್ಚುವುದೂ ಅದೇ ಲೆಕ್ಕ ಅಲ್ವಾ? ಮುಂಜಾಗ್ರತೆ ಅನ್ನುವ ಪದವನ್ನೇ ಬಳಸದೆ ಮುಂಜಾಗ್ರತೆಯ ಪಾಠ ಮುಗಿಯಿತು.

ಹಂತ 2: ಥಿಯರಿಯನ್ನು ಆರು ಪ್ರಶ್ನೆಗೆ ಇಳಿಸಿ

1950ರ ದಶಕದಲ್ಲಿ ಅಮೆರಿಕದ ಆರೋಗ್ಯ ಇಲಾಖೆಗೆ ಒಂದು ತಲೆನೋವಿತ್ತು. ಕ್ಷಯ ಪತ್ತೆಗೆ ಎಕ್ಸ್‌ರೇ ಗಾಡಿಯನ್ನು ಜನರ ಬೀದಿಗೇ ತಂದು ನಿಲ್ಲಿಸಿದರೂ, ದುಡ್ಡು ಬೇಡವೆಂದರೂ ಜನ ಬರುತ್ತಿರಲಿಲ್ಲ. ಯಾಕೆ ಅಂತ ಹುಡುಕಲು ಹೊರಟ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಕಟ್ಟಿದ್ದೇ ಆರೋಗ್ಯ ನಂಬಿಕೆ ಮಾದರಿ. ಅದು ಹುಟ್ಟಿದ್ದೇ ಫೀಲ್ಡಿನ ಸೋಲಿನಿಂದ ಅನ್ನುವುದನ್ನು ಕಾಲೇಜಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ, ಬಾಕ್ಸು ಬಾಣ ಬರೆಸಿ ಮುಗಿಸುತ್ತಾರೆ. ನೀವು ಆ ಬಾಕ್ಸುಗಳನ್ನು ಹೀಗೆ ಮನೆಮಾತಿನ ಪ್ರಶ್ನೆ ಮಾಡಿಕೊಳ್ಳಿ:

ನನಗೆ ಬರುತ್ತಾ? ಬಂದರೆ ಎಷ್ಟು ಕಷ್ಟ? ನೀವು ಹೇಳಿದ್ದು ಮಾಡಿದರೆ ತಪ್ಪುತ್ತಾ? ಮಾಡಲು ಏನು ಅಡ್ಡಿ? ಸಮಯಕ್ಕೆ ಸರಿಯಾಗಿ ನೆನಪು ಮಾಡುವವರು ಯಾರು? ನನ್ನ ಕೈಲಿ ಆಗುತ್ತಾ?

ಈ ಕೊನೆಯದನ್ನು 1988ರಲ್ಲಿ ಸೇರಿಸಿದರು, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಕೆಲಸದಿಂದ ಎರವಲು ತಂದು. ನನ್ನ ಕೇಳಿದರೆ ಆರರಲ್ಲಿ ಅದೇ ಮುಖ್ಯ. ಅದರ ವಿಷಯ ಮುಂದೆ ಬರುತ್ತದೆ.

ಹಂತ 3: ಒಂದು ದಿನ ಬಾಯಿ ಮುಚ್ಚಿಕೊಂಡು ಇರಿ

ಪಾಠ ಮಾಡುವ ಮೊದಲು ಆ ಊರಿನಲ್ಲಿ ಒಂದು ಪೂರ್ತಿ ದಿನ ಇರಿ. ಸರ್ವೆ ಫಾರಂ ಬೇಡ. ಫಾರಂ ಕಂಡ ಕೂಡಲೇ ಜನ ಸರಿಯುತ್ತರ ಕೊಡಲು ಶುರು ಮಾಡುತ್ತಾರೆ. "ಡೆಪಾ ಹಚ್ಚುತ್ತೀರಾ?" ಅಂದರೆ "ಹಚ್ತೇವೆ" ಅನ್ನದವರು ಯಾರೂ ಇಲ್ಲ. ಬಾಟಲಿ ಎಲ್ಲಿದೆ ತೋರಿಸಿ ಅಂದರೆ ಅಟ್ಟದ ಮೇಲೆ, ಹೋದ ವರ್ಷದ್ದರ ಪಕ್ಕ, ಎರಡರ ಸೀಲೂ ಹಾಗೇ ಇರುತ್ತದೆ.

ಒಂದು ಮನೆಯಲ್ಲಿ ನಾನು ನೋಡಿದ್ದು ಇದು. ಆ ಅಕ್ಕ ಮಧ್ಯಾಹ್ನ ಒಂದೂವರೆಗೆ ಸೊಪ್ಪಿನ ಬೆಟ್ಟದಿಂದ ದರಗಿನ ಹೊರೆ ಹೊತ್ತು ಬಂದರು. ಹೊರೆಯನ್ನು ಕೊಟ್ಟಿಗೆ ಬಾಗಿಲಲ್ಲಿ ಹಾಕಿದರು, ಕೈಕಾಲು ತೊಳೆದರು, ಅಂಗನವಾಡಿಯಿಂದ ಬಂದಿದ್ದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಊಟಕ್ಕೆ ಕೂತರು. ಸೀರೆ ಅದೇ. ಸ್ನಾನ ಸಂಜೆ ಏಳಕ್ಕೆ, ಎಲ್ಲ ಕೆಲಸ ಮುಗಿದ ಮೇಲೆ. ಐದೂವರೆ ಗಂಟೆ. ಮೈಮೇಲೆ ಉಣುಗು ಹತ್ತಿದ್ದರೆ ಕಚ್ಚಲು ಬೇಕಾದಷ್ಟು ಸಮಯ, ಮಗುವಿನ ಮೈಗೆ ದಾಟಲೂ ಸಮಯ.

"ಕಾಡಿನಿಂದ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ" ಅನ್ನುವುದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ಆ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ಮಗು ಕಾಯುತ್ತಿರುತ್ತದೆ, ದಿನಕ್ಕೆ ಎರಡು ಸಲ ಸ್ನಾನ ಅಂದರೆ ಎರಡು ಸಲ ಒಲೆ, ಎರಡು ಸಲ ಬಟ್ಟೆ. ಇಂಥದ್ದು ಫಾರಂನಲ್ಲಿ ಸಿಗುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ: ಜನ ಉಣುಗನ್ನು ಹೇಗೆ ತೆಗೆಯುತ್ತಾರೆ. ಮಲೆನಾಡಿನವರಿಗೆ ಮಳೆಗಾಲದ ಇಂಬಳದ (ಜಿಗಣೆಯ) ಅಭ್ಯಾಸ. ಇಂಬಳಕ್ಕೆ ಸುಣ್ಣ, ಉಪ್ಪು, ಹೊಗೆಸೊಪ್ಪಿನ ರಸ ಮುಟ್ಟಿಸಿದರೆ ಉದುರುತ್ತದೆ. ಅದೇ ಬುದ್ಧಿಯನ್ನು ಉಣುಗಿಗೂ ಓಡಿಸುತ್ತಾರೆ: ಸುಣ್ಣ, ಸೀಮೆಎಣ್ಣೆ, ಬೀಡಿ ಬೆಂಕಿ. ಇದನ್ನು ಮೂಢನಂಬಿಕೆ ಅಂತ ಬರೆದುಕೊಂಡು ಬರಬೇಡಿ. ಒಂದು ಕಡೆ ಕೆಲಸ ಮಾಡಿದ ಉಪಾಯವನ್ನು ಇನ್ನೊಂದು ಕಡೆ ಹಚ್ಚಿ ನೋಡಿದ್ದಾರೆ, ಅಷ್ಟೇ. ಉಣುಗು ಬಾಯಿಯನ್ನು ಚರ್ಮದೊಳಗೆ ಊರಿ ಅಂಟಿಕೊಂಡಿರುತ್ತದೆ, ಇಂಬಳದ ಹಾಗೆ ಉದುರುವುದಿಲ್ಲ. ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು, ಬೆರಳಲ್ಲಿ ಹೊಸಕಬಾರದು, ಆಮೇಲೆ ಸೋಪು ಹಾಕಿ ತೊಳೆಯಬೇಕು. "ಇಂಬಳ ಬೇರೆ, ಉಣುಗು ಬೇರೆ" ಎಂದು ಅಲ್ಲಿಂದಲೇ ಮಾತು ಶುರು ಮಾಡಿ.

ಹಂತ 4: ಎಲ್ಲಿ ಸಿಕ್ಕಿಕೊಂಡಿದೆ ನೋಡಿ, ಅಲ್ಲಿಗೆ ಮಾತ್ರ ಕೈ ಹಾಕಿ

ಈಗ ಆರು ಪ್ರಶ್ನೆಗಳ ಪಕ್ಕ ಆ ದಿನ ಕಂಡದ್ದನ್ನು ಬರೆಯಿರಿ. ನಮ್ಮ ಕಡೆ ಸಾಮಾನ್ಯವಾಗಿ ಹೀಗೆ ಬರುತ್ತದೆ.

"ಬಂದರೆ ಎಷ್ಟು ಕಷ್ಟ" ಅನ್ನುವುದಕ್ಕೆ ಪಾಠವೇ ಬೇಡ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ರೋಗದಿಂದ ಜನ ಸತ್ತು ಏನಾಯಿತೆಂದು ಸುತ್ತಲಿನ ಊರುಗಳಿಗೆ ಗೊತ್ತು. ಅಲ್ಲಿ ಹೋಗಿ ಹೆದರಿಸುವ ಪೋಸ್ಟರ್ ಅಂಟಿಸುವುದು ಗಾಯದ ಮೇಲೆ ಕೈಯಿಟ್ಟ ಹಾಗೆ. "ನನಗೆ ಬರುತ್ತಾ" ಅನ್ನುವುದು ಊರಿಂದೂರಿಗೆ ಬದಲಾಗುತ್ತದೆ. ಎಂದೂ ಮಂಗ ಸಾಯದ ಊರಿನವರು "ಅದು ಆ ಕಡೆಯವರದ್ದು" ಅನ್ನುತ್ತಾರೆ. "ತಪ್ಪುತ್ತಾ" ಅನ್ನುವಲ್ಲಿ ಲಸಿಕೆಯ ನೆನಪು ಅಡ್ಡ ಬರುತ್ತದೆ. ಮೊದಲಿದ್ದ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್, ಚುಚ್ಚಿದ ಕಡೆ ನೋವು ಬೇರೆ. ಹಾಕಿಸಿಕೊಂಡವರಲ್ಲೂ ಕೆಲವರಿಗೆ ರೋಗ ಬಂತು. ಈಗ ಆ ಲಸಿಕೆ ಕೊಡುತ್ತಿಲ್ಲ. ಜನ ಇದನ್ನು ಕೇಳಿಯೇ ಕೇಳುತ್ತಾರೆ, ಮುಚ್ಚಿಡಬೇಡಿ. ಲಸಿಕೆಯ ಬಗ್ಗೆ ನಿಜ ಹೇಳಿದವರ ಮಾತನ್ನು ತೈಲದ ಬಗ್ಗೆಯೂ ನಂಬುತ್ತಾರೆ.

ಸಿಕ್ಕಿಕೊಂಡಿರುವುದು ಹೆಚ್ಚಾಗಿ ಅಡ್ಡಿಯಲ್ಲಿ. ಆ ಅಕ್ಕನ ಮನೆಯನ್ನೇ ತೆಗೆದುಕೊಳ್ಳಿ. "ಸ್ನಾನ ಮಾಡಿ" ಅನ್ನುವ ಬದಲು "ಬೆಳಿಗ್ಗೆ ಕಾಸಿದ ನೀರು ಹಂಡೆಯಲ್ಲಿ ಉಳಿಯುತ್ತಲ್ಲ?" ಅಂತ ಕೇಳಿದೆವು. ಉಳಿಯುತ್ತೆ, ಬೆಚ್ಚಗೂ ಇರುತ್ತೆ ಅಂದರು. ಹಾಗಾದರೆ ಕಾಡಿಗೆ ಹೋಗುವ ಸೀರೆಯೇ ಬೇರೆ ಇರಲಿ. ಒಗೆದ ಸೀರೆಯೊಂದನ್ನು ಹೊರಡುವಾಗಲೇ ಬಚ್ಚಲಮನೆಯ ಗಳುವಿನ ಮೇಲೆ ಹಾಕಿಟ್ಟು ಹೋಗಲಿ. ಬಂದವರು ಹಿಂಬಾಗಿಲಿನಿಂದ ನೇರ ಬಚ್ಚಲಿಗೆ, ಕಾಡಿನ ಬಟ್ಟೆ ಬಕೆಟ್ಟಿಗೆ, ಅದರ ಮೇಲೆ ಒಲೆ ಮೇಲಿನ ಬಿಸಿ ಬಿಸಿ ನೀರು, ಮೈಗೆ ನಾಲ್ಕು ಚೊಂಬು ನೀರು ಮತ್ತು ಸೋಪು. ಹತ್ತು ನಿಮಿಷದ ಕೆಲಸ. ಈ ಗಳುವಿನ ಉಪಾಯ ನನ್ನದಲ್ಲ, ಅವರ ಅತ್ತೆಯದ್ದು. ನಾವು ಮಾಡಿದ್ದು ಸರಿಯಾದ ಪ್ರಶ್ನೆ ಕೇಳಿದ್ದು ಮಾತ್ರ.

ಆಮೇಲೆ, ಊರಿನವರೆಲ್ಲ ಒಂದೇ ಕಡೆ ನಿಂತಿರುವುದಿಲ್ಲ. ಸಿಗರೇಟು ಬಿಡುವವರನ್ನು ಅಭ್ಯಾಸ ಮಾಡಿ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1980ರ ದಶಕದ ಮೊದಲಲ್ಲಿ ಹೇಳಿದ ಬದಲಾವಣೆಯ ಹಂತಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಬ್ಬರು ಇನ್ನೂ ಯೋಚನೆಯನ್ನೇ ಮಾಡಿಲ್ಲ, ಒಬ್ಬರು ಮಾಡೋಣ ಅನ್ನುತ್ತಿದ್ದಾರೆ, ಇನ್ನೊಬ್ಬರು ಹೋದ ವರ್ಷ ಹಚ್ಚಿ ಈ ವರ್ಷ ಬಿಟ್ಟಿದ್ದಾರೆ. ಬಿಟ್ಟವರ ಹತ್ತಿರ ಯಾಕೆ ಬಿಟ್ಟಿರಿ ಅಂತ ಕೇಳಿ. "ವಾಸನೆ", "ಜಿಡ್ಡು", "ಬೆವರಿಗೆ ಇಳಿದು ಹೋಗ್ತದೆ" ಅನ್ನುತ್ತಾರೆ. ಜೋರು ಮಳೆ ಬಂದರೆ ಬೋರ್ಡೋ ಇನ್ನೊಮ್ಮೆ ಹೊಡೆಯುವುದಿಲ್ಲವೇ, ಹಾಗೆ ಚಿಕ್ಕ ಬಾಟಲಿಯಲ್ಲಿ ತೈಲ ಜೊತೆಗಿಟ್ಟುಕೊಳ್ಳಿ ಅನ್ನಿ. ಈ ಮಾತು ಅವರಿಗೆ ಹೇಳುವಂಥದ್ದು. ಬಾಟಲಿ ಸೀಲೇ ಒಡೆಯದವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಹಂತ 5: ರಾಗಿ ಆಟ

ಬಂಡೂರಾ 1977ರಲ್ಲಿ ಹೇಳಿದ್ದನ್ನು ಸರಳವಾಗಿ ಹೇಳುವುದಾದರೆ, "ನನ್ನ ಕೈಲಿ ಆಗುತ್ತೆ" ಅನ್ನುವ ಧೈರ್ಯ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ಸ್ವತಃ ಮಾಡಿ ಗೆದ್ದಾಗ. ಅದು ಬಿಟ್ಟರೆ ನಮ್ಮಂಥವರೇ ಮಾಡುವುದನ್ನು ನೋಡಿದಾಗ. ಯಾರೋ ಬಾಯಿಮಾತಿನಲ್ಲಿ ಹೇಳಿದರೆ ಅಷ್ಟಾಗಿ ಬರುವುದಿಲ್ಲ. ನಮ್ಮ ಆರೋಗ್ಯ ಪಾಠಗಳು ಇದನ್ನು ಸರಿಯಾಗಿ ತಲೆಕೆಳಗು ಮಾಡಿ, ಬರೀ ಭಾಷಣದಲ್ಲಿ ಶುರುವಾಗಿ ಭಾಷಣದಲ್ಲೇ ಮುಗಿಯುತ್ತವೆ.

ಅದಕ್ಕೆ ರಾಗಿ. ಮರಿ ಉಣುಗು ರಾಗಿ ಕಾಳಿಗಿಂತ ದೊಡ್ಡದೇನಲ್ಲ. ಒಂದು ಬಿಳಿ ಪಂಚೆ, ಒಂದು ಕಂದು ಬಣ್ಣದ ಹೂವಿನ ಸೀರೆ ತೆಗೆದುಕೊಳ್ಳಿ. ಎರಡನ್ನೂ ಸ್ವಲ್ಪ ಒದ್ದೆ ಮಾಡಿ, ಇಲ್ಲದಿದ್ದರೆ ಕಾಳು ಜಾರುತ್ತದೆ. ಒಂದೊಂದರ ಮೇಲೂ ಇಪ್ಪತ್ತು ಕಾಳು ಎಣಿಸಿ, ನೆರಿಗೆ ಅಂಚಿನಲ್ಲೆಲ್ಲ ಹಾಕಿ ಮಡಚಿ. ಇಬ್ಬರಿಗೆ ಕೊಟ್ಟು ಎರಡು ನಿಮಿಷದಲ್ಲಿ ಹುಡುಕಿ ಅನ್ನಿ. ಎಷ್ಟು ಕಾಳಿದೆ ಅಂತ ಹೇಳಬೇಡಿ. ಬಿಳಿ ಪಂಚೆಯವರು ಹೆಚ್ಚುಕಡಿಮೆ ಎಲ್ಲವನ್ನೂ ಆರಿಸಿ ಮುಗಿಸುತ್ತಾರೆ. ಸೀರೆಯವರು ಏಳೋ ಎಂಟೋ ತೆಗೆದು "ಆಯ್ತು" ಅನ್ನುತ್ತಾರೆ. "ಇನ್ನೂ ಹನ್ನೆರಡಿದೆ ಅಕ್ಕ" ಅಂದಾಗ ಅವರ ಮುಖ ನೋಡಬೇಕು. ತಿಳಿ ಬಣ್ಣದ, ಮೈ ಮುಚ್ಚುವ ಬಟ್ಟೆ ಯಾಕೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಅದಾದ ಮೇಲೆ ಮೈಯಲ್ಲಿ ಎಲ್ಲೆಲ್ಲಿ ನೋಡಬೇಕು ಅಂತ ಅವರ ಬಾಯಿಂದಲೇ ಬರಲಿ: ಕಂಕುಳು, ಸೊಂಟ, ತೊಡೆಸಂದು, ಮೊಣಕಾಲ ಹಿಂದೆ, ಕಿವಿ ಹಿಂದೆ. ಚಿಮುಟ ಕೊಟ್ಟು ಒಂದೊಂದು ಕಾಳು ಎತ್ತಿಸಿ. ನಗು, ಗಲಾಟೆ ಜಾಸ್ತಿಯಾಗುತ್ತದೆ, ಆಗಲಿ ಬಿಡಿ. ಒಂದು ಎಚ್ಚರಿಕೆ: ಉಣುಗು ತೋರಿಸುತ್ತೇವೆ ಅಂತ ವಿದ್ಯಾರ್ಥಿಗಳನ್ನೋ ಜನರನ್ನೋ ಕಾಡಿಗೆ ಕರೆದುಕೊಂಡು ಹೋಗಬೇಡಿ. ಉಣುಗು ಹಿಡಿಯುವುದು ತರಬೇತಿ ಆದ ಸಿಬ್ಬಂದಿಯ ಕೆಲಸ.

ಹಂತ 6: ಯಾರು ಹೇಳಬೇಕು, ಯಾವಾಗ

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಅಂತ ರಯಾನ್ ಮತ್ತು ಗ್ರಾಸ್ ಮಾಡಿದ ಅಧ್ಯಯನ 1943ರಲ್ಲಿ ಹೊರಬಂತು. ಹೊಸ ಬೀಜದ ಸುದ್ದಿ ರೈತರಿಗೆ ಮೊದಲು ಮುಟ್ಟಿದ್ದು ಹೆಚ್ಚಾಗಿ ಬೀಜ ಮಾರುವವರಿಂದ, ಆದರೆ ಬಿತ್ತೋಣ ಅಂತ ಮನಸ್ಸು ಮಾಡಿಸಿದ್ದು ಪಕ್ಕದ ಹೊಲದವರು. ಈ ಲೆಕ್ಕದಲ್ಲಿ ನಾವು ನೀವು ಬೀಜ ಮಾರುವವರು. ಹಾಗಾದರೆ ಪಕ್ಕದ ಹೊಲದವರು ಯಾರು?

ಮಲೆನಾಡಿನಲ್ಲಿ ನನ್ನ ಮೊದಲ ಆಯ್ಕೆ ಕೊನೆಗಾರರು. ಅಡಿಕೆ ಕೊನೆ ಇಳಿಸಲು ತೋಟದಿಂದ ತೋಟಕ್ಕೆ ಹೋಗುತ್ತಾರೆ, ಯಾವ ಕಡೆ ಮಂಗ ಸತ್ತಿದೆ ಅನ್ನುವುದು ಪಂಚಾಯತಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಅವರು ತೈಲ ಹಚ್ಚಿಕೊಂಡು ಕೆಲಸಕ್ಕೆ ಬಂದರೆ ಇಡೀ ಕೇರಿ ನೋಡುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ಆಶಾಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯತಿಗೋ ಫೋನ್ ಮಾಡುವುದನ್ನು ಮೊದಲು ಅವರಿಗೇ ಕಲಿಸಿ.

ಇನ್ನು ಸಮಯ. ಬೆಳಿಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಸಭೆ ಕರೆದರೆ ಬರುವವರು ಕಾಡಿಗೆ ಹೋಗದವರು! ಅಡಿಕೆ ಸುಲಿಯುವ ಸಂಜೆಗಳನ್ನು ಹಿಡಿಯಿರಿ. ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ. ಹತ್ತು ಹದಿನೈದು ಜನ ಒಂದೇ ಕಡೆ ಮೂರು ಗಂಟೆ ಕೂತಿರುತ್ತಾರೆ. ನೀವೂ ಒಂದು ಮೆಟ್ಟುಗತ್ತಿ ಹಿಡಿದು ಕೂರಿ, ಸುಲಿಯಲು ಬರದಿದ್ದರೆ ಇನ್ನೂ ಒಳ್ಳೆಯದು, ಅವರು ನಿಮಗೆ ಕಲಿಸುತ್ತಾರೆ, ಮಾತು ತಾನಾಗಿ ಸಲೀಸಾಗುತ್ತದೆ.

ಹಂತ 7: ವಾಪಸ್ ಹೇಳಿಸಿ

"ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ. "ನಾಳೆ ನಿಮ್ಮ ತಮ್ಮನಿಗೆ ಜ್ವರ ಬಂತು ಅಂದುಕೊಳ್ಳಿ, ಆಸ್ಪತ್ರೆಗೆ ಹೋಗಿ ಡಾಕ್ಟರ ಹತ್ತಿರ ಏನು ಹೇಳುತ್ತೀರಿ?" ಅಂತ ಕೇಳಿ. "ಜ್ವರ, ಮೈಕೈ ನೋವು" ಅಂದು ನಿಲ್ಲಿಸಿದರೆ ಪಾಠ ಮುಟ್ಟಿಲ್ಲ ಅಂತ ಅರ್ಥ. "ಹೋದ ವಾರ ದರಗು ತರಲು ಕಾಡಿಗೆ ಹೋಗಿದ್ದ" ಅನ್ನುವ ವಾಕ್ಯ ಬರಲೇಬೇಕು. ಆ ಒಂದು ವಾಕ್ಯದಿಂದಲೇ ಡಾಕ್ಟರಿಗೆ ರಕ್ತ ಪರೀಕ್ಷೆ ಮಾಡಿಸುವ ಯೋಚನೆ ಹೊಳೆಯುವುದು, ಮಾದರಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗುವುದು. ಜ್ವರ ಬಂದ ಮೊದಲ ದಿನಗಳಲ್ಲೇ ಇದಾಗಬೇಕು. ಜೊತೆಗೆ ಇನ್ನೊಂದು: ಅಂಗಡಿಯಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚಾಗಬಹುದು.

ಹೆಸರಿನ ಗೊಂದಲವೂ ಇಲ್ಲೇ ಹೊರಬೀಳುತ್ತದೆ. ಟಿವಿಯಲ್ಲಿ ಮಂಕಿಪಾಕ್ಸ್ ಸುದ್ದಿ ನೋಡಿ ಎರಡೂ ಒಂದೇ ಅಂದುಕೊಂಡವರಿದ್ದಾರೆ. ಎರಡೂ ಬೇರೆ ಬೇರೆ ರೋಗ.

ಹಂತ 8: ಅಳೆಯಿರಿ, ಆಮೇಲೆ ಥಿಯರಿಯನ್ನೂ ತಿದ್ದಿ

"ಹಾಜರಾತಿ 42, ಫೋಟೋ ಲಗತ್ತಿಸಿದೆ" ಅನ್ನುವ ವರದಿ ನಿಮ್ಮ ಮೇಲಿನವರಿಗೆ ಬೇಕು, ಕೊಡಿ. ನಿಮಗಾಗಿ ಬೇರೆ ಲೆಕ್ಕ ಇಡಿ. ತೈಲದ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಹಾಕಿ, ಮೂರು ವಾರ ಬಿಟ್ಟು ನೋಡಿ. ಜ್ವರ ಬಂದವರು ಎಷ್ಟನೇ ದಿನ ಆಸ್ಪತ್ರೆಗೆ ಹೋದರು ಬರೆದುಕೊಳ್ಳಿ. ಬಚ್ಚಲ ಗಳುವಿನ ಮೇಲೆ ಸೀರೆ ಇದೆಯಾ ಅಂತ ಹಾದುಹೋಗುವಾಗ ಒಮ್ಮೆ ಕಣ್ಣು ಹಾಯಿಸಿ.

ಲೆಕ್ಕ ಹೊಂದದಿದ್ದಾಗ ಜನರನ್ನು ಬೈಯುವ ಮೊದಲು ಥಿಯರಿಯನ್ನು ಅನುಮಾನಿಸಿ. ನಮ್ಮ ಒಂದು ಊರಿನಲ್ಲಿ ಕೂಲಿಗೆ ಹೋಗುವ ಮನೆಗಳಲ್ಲಿ ಮಾತ್ರ ತೈಲ ಗೆರೆಯಿಂದ ಇಳಿದಿರಲಿಲ್ಲ. ಆರೂ ಪ್ರಶ್ನೆಗೆ ಅವರ ಉತ್ತರ ಸರಿಯಿತ್ತು. ಎಂತಕ್ಕೆ ಅಂತ ಕೂತು ಕೇಳಿದಾಗ ಗೊತ್ತಾಯಿತು, ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ನಿಲ್ಲಬೇಕು, ತೈಲ ಹಚ್ಚುತ್ತಾ ಕೂರಲು ಧಣಿಗಳು ಬಿಡುವುದಿಲ್ಲ, ಸಂಜೆ ಅಲ್ಲಿ ತೊಳೆದುಕೊಳ್ಳಲು ಬಿಸಿನೀರೂ ಇಲ್ಲ. ಆರೋಗ್ಯ ನಂಬಿಕೆ ಮಾದರಿಯಲ್ಲಿ ಧಣಿಗೆ ಜಾಗವೇ ಇಲ್ಲ ನೋಡಿ. ಮನುಷ್ಯ ತನ್ನ ಮೈಗೆ ತಾನೇ ಯಜಮಾನ ಅಂತ ಅದು ಅಂದುಕೊಂಡಿದೆ. ಜನರ ಆರೋಗ್ಯ ಹೆಚ್ಚಿಸುವುದು ಹೇಗೆ ಅನ್ನುವ ಬಗ್ಗೆ ಬಂದ 1986ರ ಅಂತರರಾಷ್ಟ್ರೀಯ ಘೋಷಣೆ, ಒಟ್ಟಾವಾ ಚಾರ್ಟರ್, ಹೇಳುವ "ಪೂರಕ ಪರಿಸರ" ಅನ್ನುವುದು ನನಗೆ ಅರ್ಥವಾದದ್ದು ಆ ದಿನ. ಮುಂದಿನ ಪಾಠ ಕೂಲಿಯವರಿಗೆ ಮಾಡಲಿಲ್ಲ, ತೋಟದ ಯಜಮಾನರಿಗೆ ಮಾಡಿದೆವು: ಕೆಲಸ ಶುರುವಾಗುವ ಮೊದಲು ಹತ್ತು ನಿಮಿಷ, ತೋಟದ ಮನೆಯಲ್ಲೇ ಒಂದು ಬಾಟಲಿ, ಸಂಜೆ ಒಂದು ಹಂಡೆ ಬಿಸಿನೀರು. ನಾಲ್ವರು ಒಪ್ಪಿದರು, ಇಬ್ಬರು "ನೋಡುವ" ಅಂದರು, ಒಬ್ಬರು ಕಾಫಿ ಕೊಟ್ಟು ಕಳಿಸಿದರು.

ದರಗಿನ ಪ್ರಶ್ನೆಗೆ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಕೆಲವರು ಉಣುಗಿನ ಕಾಲ ಬರುವ ಮೊದಲೇ ಆದಷ್ಟು ಹಾಸು ಕೂಡಿಟ್ಟುಕೊಳ್ಳುತ್ತಾರೆ, ಕೆಲವರು ಸಿಕ್ಕರೆ ಒಣಹುಲ್ಲು ಬಳಸುತ್ತಾರೆ, ಹೆಚ್ಚಿನವರು ಈಗಲೂ ಕಾಡಿಗೆ ಹೋಗುತ್ತಾರೆ, ಮೈ ಮುಚ್ಚಿಕೊಂಡು, ತೈಲ ಹಚ್ಚಿಕೊಂಡು. ಆ ಅಜ್ಜಿಯ ಊರಿಗೆ ಎರಡನೇ ಸಲ ಹೋದಾಗ ಚಾರ್ಟು ಒಯ್ಯಲಿಲ್ಲ. ಚೀಲದಲ್ಲಿ ಇದ್ದದ್ದು ಅರ್ಧ ಪಾವು ರಾಗಿ, ಒಂದು ಪಂಚೆ, ನಾಲ್ಕು ಚಿಮುಟ, ಒಂದು ನೋಟ್‌ಬುಕ್ಕು. ಅವರು ಚೀಲ ಇಣುಕಿ ನೋಡಿ, "ಈ ಸಲ ರಾಗಿ ಹಾಸ್ತ್ಯನಾ?" ಅಂದರು.